ಮಳೆ ಹಿಡಿದ ಮೇಲೆ ನೇಲ್ ಗನ್ ಪಿನ್ ಪೂರ್ತಿ ಕೂರಿಸ್ತಿಲ್ಲ: ತೊಂದರೆ ಗನ್ನಿನದ್ದಾ, ಗಾಳಿಯದ್ದಾ?

ಉಳಿಬಾಚಿ_ಕಾಪು

ಎಲ್ಲರಿಗೂ ನಮಸ್ಕಾರ. ಕಾಪು ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮರದ ಕೆಲಸದ ಶೆಡ್ಡು ಉಂಟು. ವಾರ್ಡ್‌ರೋಬ್, ಕಿಚನ್, ಬಾಗಿಲಿನ ಬೀಡಿಂಗ್ ಇಂಥದ್ದೇ ಕೆಲಸ. ಗಾಳಿಯಲ್ಲಿ ಪಿನ್ ಹೊಡೆಯುವ ಟಿ50 ಗನ್ ಒಂದು (50 ಎಂಎಂವರೆಗಿನ ಪಿನ್ನಿಗೆ), ಎಫ್30 ಗನ್ ಒಂದು (30 ಎಂಎಂವರೆಗಿನ ಸಪೂರ ಪಿನ್ನಿಗೆ), ಎರಡಕ್ಕೂ 2 ಎಚ್‌ಪಿಯ ಒಂದೇ ಕಂಪ್ರೆಸರ್.

ತೊಂದರೆ ಟಿ50ದ್ದು. ಬೇಸಿಗೆಯಲ್ಲಿ ಏನೂ ತಕರಾರು ಇರಲಿಲ್ಲ. ಮಳೆ ಹಿಡಿದ ಮೇಲೆ ಬೆಳಿಗ್ಗೆ ಚೆನ್ನಾಗಿ ಹೊಡೀತದೆ, ಹತ್ತು ಹನ್ನೊಂದು ಗಂಟೆ ಆಗುವಾಗ ಪಿನ್ನು ಒಂದೆರಡು ಮಿಲಿಮೀಟರ್ ಮೇಲೆಯೇ ನಿಲ್ತದೆ. ಬೇಗ ಬೇಗ ಹೊಡೆದರೆ ನಡುವೆ ಒಂದು ಖಾಲಿ ಹೋಗ್ತದೆ, ಪಿನ್ನೇ ಬರುವುದಿಲ್ಲ. ಟ್ರಿಗರ್ ಒತ್ತಿ ಹಿಡಿದರೆ ಮೇಲಿನಿಂದ ಸುಯ್ ಅಂತ ಗಾಳಿ ಹೋಗ್ತದೆ. ಪ್ರೆಶರ್ 7 ಕೆಜಿಗೆ ಏರಿಸಿದರೂ ಅಷ್ಟಕ್ಕಷ್ಟೆ. ರಿಪೇರಿಯವರ ಹತ್ತಿರ ಕೊಂಡು ಹೋದರೆ "ಇದು ಆಯುಷ್ಯ ಮುಗಿದದ್ದು, ಹೊಸತು ತಗೊಳ್ಳಿ" ಅಂದ್ರು, ಬಿಚ್ಚಿ ಸಹ ನೋಡಲಿಲ್ಲ. ಹೊಸತು ತಗೊಳ್ಳುವ ಮೊದಲು ತಿಳಿದವರು ಹೇಳಿ.

ಕೋಟೇಶ್ವರದವ

ಮರ ಯಾವ್ದು ಮಾರ್ರೆ? ಪ್ಲೈಗಾ, ಹಲಸಿಗಾ? ಹಲಸಿನ ಹಳೇ ಹಲಗೆಗೆ 50 ಎಂಎಂ ಪಿನ್ ಹೊಡೆದ್ರೆ ಯಾವ ಗನ್ನಾದ್ರೂ ಸೋಲತ್ತ್. ಅದನ್ನ ಮೊದ್ಲ್ ಹೇಳಿ.

ಉಳಿಬಾಚಿ_ಕಾಪು

ಪ್ಲೈ ಮೇಲೆ ತೇಗದ ಬೀಡಿಂಗ್, 30 ಎಂಎಂ ಪಿನ್ನು. ಬೇಸಿಗೆಯಲ್ಲಿ ಇದೇ ಕೆಲಸ, ಇದೇ ಪಿನ್ನು, 5 ಕೆಜಿಯಲ್ಲಿ ಒಳಗೆ ಮುಳುಗಿ ಹೋಗ್ತಿತ್ತು.

ಗಾಳಿಮಿಸ್ತ್ರಿ

ಬೈಕಂಪಾಡಿ ಕಡೆ ಗಾಳಿಯ ಟೂಲ್‌ಗಳ ಕೆಲಸವೇ ನನ್ನದು. ಉದ್ದ ಬರೀತೇನೆ, ಸಮಾಧಾನದಲ್ಲಿ ಓದಿ. ಈಗಲೇ ಗನ್ ಬಿಚ್ಚಬೇಡಿ. ಹೆಚ್ಚಿನವರು ಮೊದಲು ನಾಲ್ಕು ಅಲೆನ್ ಬೋಲ್ಟ್ ತೆಗೀತಾರೆ, ಆಮೇಲೆ ಯಾವ ವಾಷರ್ ಹೋಗಿದೆ ಅಂತ ಹುಡುಕ್ತಾರೆ. ಬಿಚ್ಚಿದ ಮೇಲೆ ಗಾಳಿ ಎಲ್ಲಿಂದ ಸೋರ್ತಿತ್ತು ಅಂತ ಗೊತ್ತಾಗುವುದೇ ಇಲ್ಲ. ಸೋರುವ ಜಾಗ, ಸೋರುವ ಹೊತ್ತು, ಈ ಎರಡು ಗೊತ್ತಾದರೆ ಅರ್ಧ ರಿಪೇರಿ ಆದ ಹಾಗೆ.

ಒಳಗೆ ನಡೆಯುವುದು ಇಷ್ಟು. ಹಿಡಿಕೆಯ ಟೊಳ್ಳಿನಲ್ಲಿ ಯಾವಾಗಲೂ ಗಾಳಿ ತುಂಬಿಕೊಂಡಿರ್ತದೆ. ಸಿಲಿಂಡರಿನ ಬಾಯಿಯನ್ನು ಹೆಡ್ ವಾಲ್ವ್ ಮುಚ್ಚಿ ಹಿಡಿದಿರ್ತದೆ. ಅದರ ಬೆನ್ನ ಮೇಲೂ ಅದೇ ಗಾಳಿಯ ಒತ್ತಡ ಇರುವುದರಿಂದ ಅದು ಮೇಲೇಳುವುದಿಲ್ಲ. ಟ್ರಿಗರ್ ಒತ್ತಿದಾಗ ಬೆನ್ನ ಮೇಲಿನ ಗಾಳಿ ಮಾತ್ರ ಹೊರಗೆ ಹೋಗ್ತದೆ, ಹೆಡ್ ವಾಲ್ವ್ ಟಕ್ ಅಂತ ಎದ್ದು ಎಕ್ಸಾಸ್ಟಿನ (ಬಳಸಿದ ಗಾಳಿ ಹೊರಗೆ ಹೋಗುವ) ದಾರಿ ಮುಚ್ಚಿ ಸಿಲಿಂಡರಿನ ಬಾಯಿ ತೆರೀತದೆ. ಪಿಸ್ಟನ್ ಕೆಳಗೆ ಹೋಗ್ತದೆ, ಅದಕ್ಕೆ ಹೊಂದಿಕೊಂಡ ಬ್ಲೇಡ್ ಪಿನ್ನನ್ನು ಹೊಡೀತದೆ. ಕೊನೆಗೆ ಪಿಸ್ಟನ್ ರಬ್ಬರ್ ಬಂಪರಿನ ಮೇಲೆ ಕೂರ್ತದೆ. ಅಷ್ಟರಲ್ಲಿ ಸಿಲಿಂಡರಿನ ಸುತ್ತ ಇರುವ ಸಣ್ಣ ತೂತುಗಳಿಂದ ಸ್ವಲ್ಪ ಗಾಳಿ ಹೊರಗಿನ ರಿಟರ್ನ್ ಕೋಣೆಗೆ ಸೇರ್ತದೆ. ಟ್ರಿಗರ್ ಬಿಟ್ಟಾಗ ಆ ಗಾಳಿಯೇ ಪಿಸ್ಟನನ್ನು ವಾಪಸ್ ಮೇಲೆ ತಳ್ಳುವುದು. ಹೆಚ್ಚಿನ ಗನ್‌ಗಳಲ್ಲಿ ಪಿಸ್ಟನ್ ಎಳೆಯುವ ಸ್ಪ್ರಿಂಗ್ ಇರುವುದಿಲ್ಲ.

ಈಗ ಮ್ಯಾಗಜೀನಿನಿಂದ ಪಿನ್ ಪಟ್ಟಿ ಪೂರ್ತಿ ತೆಗೆಯಿರಿ. ಹೋಸ್ ಹಾಕಿ ಸುಮ್ಮನೆ ಇಡಿ. ಆಗ ಎಕ್ಸಾಸ್ಟಿನಲ್ಲಿ ಸೋರಿದರೆ ಹೆಡ್ ವಾಲ್ವ್ ಕೆಳಗೆ ಸರಿಯಾಗಿ ಕೂತಿಲ್ಲ. ಟ್ರಿಗರಿನ ಬುಡದಲ್ಲಿ ಸೋರಿದರೆ ಟ್ರಿಗರ್ ವಾಲ್ವಿನ ಸಣ್ಣ ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ). ಮುಚ್ಚಳದ ಜೋಡಣೆಯಲ್ಲಾದರೆ ಬೋಲ್ಟ್ ಸಡಿಲ, ಇಲ್ಲ ಮುಚ್ಚಳದ ರಿಂಗ್ ಹೋಗಿದೆ. ಬ್ರಷ್ಷಿನಲ್ಲಿ ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರುವಲ್ಲಿ ಜಾಗ ಗೊತ್ತಾಗ್ತದೆ. ಆಮೇಲೆ ಬೇಡದ ಮರದ ತುಂಡಿಗೆ ಮೂತಿ ಒತ್ತಿ ಟ್ರಿಗರ್ ಹಿಡಿದುಕೊಳ್ಳಿ. ಆಗ ಮೇಲಿನಿಂದ ಸೋರಿದರೆ ಹೆಡ್ ವಾಲ್ವಿನ ಮೇಲ್ಗಡೆಯ ಸೀಲ್, ಮೂತಿಯಿಂದ ಸೋರಿದರೆ ಪಿಸ್ಟನ್ ರಿಂಗ್ ಅಥವಾ ಬಂಪರ್. ಕೊನೆಗೆ ಟ್ರಿಗರ್ ಬಿಟ್ಟು, ಹೋಸ್ ಕಳಚಿ, ಮೂತಿಯೊಳಗೆ ಟಾರ್ಚ್ ಹಾಕಿ ನೋಡಿ. ಬ್ಲೇಡಿನ ತುದಿ ಪೂರ್ತಿ ಮೇಲೆ ಹೋಗಿರಬೇಕು. ಅರ್ಧದಲ್ಲಿ ನಿಂತಿದ್ದರೆ ಮುಂದಿನ ಪಿನ್ನು ಅದರ ಅಡಿಗೆ ಬರ್ಲಿಕ್ಕೆ ಜಾಗವೇ ಇಲ್ಲ. ನಿಮ್ಮ ಖಾಲಿ ಹೊಡೆತ ಅದೇ ಅಂತ ನನ್ನ ಲೆಕ್ಕ.

ನೀವು ಹೇಳಿದ ಲಕ್ಷಣದಲ್ಲಿ ಎರಡು ವಿಷಯ ಒಟ್ಟಿಗೆ ಉಂಟು. ಮೇಲಿನ ಸೀಲ್ ಹೋಗಿದೆ, ಅದು ಬೇರೆ. ಆದರೆ ಬೆಳಿಗ್ಗೆ ಸರಿ, ಹತ್ತು ಗಂಟೆಗೆ ಕೆಟ್ಟದ್ದು ಅಂದರೆ ಅದು ಗನ್ನಿನ ರೋಗ ಅಲ್ಲ, ನೀರು. ಕಂಪ್ರೆಸರ್ ಟ್ಯಾಂಕಿನ ಅಡಿಯ ಡ್ರೇನ್ ತೆರೆದು ನೀರು ಯಾವಾಗ ಬಿಟ್ಟದ್ದು?

ಉಳಿಬಾಚಿ_ಕಾಪು

ಡ್ರೇನ್ ವಾರಕ್ಕೊಮ್ಮೆ ಬಿಡುವ ಪದ್ಧತಿ. ಫಿಲ್ಟರ್ ಅಂತ ಬೇರೆ ಇಲ್ಲ. ಟ್ಯಾಂಕಿನಲ್ಲಿ ಬಂದ, ಒತ್ತಡ ಹೊಂದಿಸುವ ರೆಗ್ಯುಲೇಟರಿನಿಂದ ನೇರ ಹೋಸ್.

ಆದರೆ ಟ್ಯಾಂಕಿನ ಅಡಿಯಲ್ಲಿ ಕೂತ ನೀರು ಮೇಲಿನ ಪೈಪಿನಿಂದ ಗನ್ನಿಗೆ ಹೇಗೆ ಬರ್ತದೆ? ಅದೇ ನನಗೆ ಅರ್ಥ ಆಗದ್ದು.

ಗಾಳಿಮಿಸ್ತ್ರಿ

ಒಳ್ಳೆಯ ಪ್ರಶ್ನೆ. ಬರುವುದು ಅಡಿಯ ನೀರಲ್ಲ, ಆವಿ. ಬೆಳಿಗ್ಗೆ ಕಂಪ್ರೆಸರ್ ತಣ್ಣಗಿರ್ತದೆ, ರಾತ್ರಿಯ ನೀರು ಅಡಿಯಲ್ಲಿ ಇಳಿದಿರ್ತದೆ, ಹೋಗುವ ಗಾಳಿ ಸುಮಾರಾಗಿ ಒಣಗಿರ್ತದೆ. ಎರಡು ಗಂಟೆ ಓಡಿದ ಮೇಲೆ ಟ್ಯಾಂಕ್ ಕೈಗೆ ಬಿಸಿ ಹತ್ತುತ್ತದೆ. ಬಿಸಿ ಗಾಳಿಗೆ ಆವಿ ಹೊರುವ ಶಕ್ತಿ ಜಾಸ್ತಿ. ಅದು ಆವಿಯನ್ನು ಹೊತ್ತುಕೊಂಡು ಹೋಸಿಗೆ ಹೋಗಿ, ಅಲ್ಲಿ ತಣಿದು ನೀರಾಗ್ತದೆ. ಕೊನೆಗೆ ಗನ್ನಿನೊಳಗೆ.

ನಮ್ಮ ಊರಿನ ಲೆಕ್ಕ ನೋಡಿ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂ ನೀರಿನ ಆವಿ ಹಿಡಿದುಕೊಳ್ತದೆ. ತೇವಾಂಶ ಶೇಕಡಾ 90 ಅಂತ ಇಟ್ಟುಕೊಂಡರೆ ಸುಮಾರು 27 ಗ್ರಾಂ ಅದರಲ್ಲಿ ಇದ್ದೇ ಇರ್ತದೆ. 7 ಬಾರ್ (ಸುಮಾರು 7 ಕೆಜಿ) ಒತ್ತಡಕ್ಕೆ ಒತ್ತುವಾಗ ಎಂಟು ಘನ ಮೀಟರ್ ಗಾಳಿ ಒಂದು ಘನ ಮೀಟರಿನ ಜಾಗಕ್ಕೆ ಬರ್ತದೆ, ಅಂದರೆ 216 ಗ್ರಾಂ ನೀರು. ತಣಿದ ಮೇಲೆ ಆ ಒಂದು ಘನ ಮೀಟರ್ ಹಿಡಿಯುವುದು ಅದೇ 30 ಗ್ರಾಂ. ಉಳಿದ 186 ಗ್ರಾಂ ಎಲ್ಲಾದರೂ ಇಳಿಯಲೇಬೇಕು. ನಿಮಿಷಕ್ಕೆ 200 ಲೀಟರ್ ಗಾಳಿ ಎಳೆಯುವ ಕಂಪ್ರೆಸರ್ ಬಿಡದೆ ಓಡಿದರೆ ಗಂಟೆಗೆ ಕಾಲು ಲೀಟರಿಗಿಂತ ಹೆಚ್ಚು ನೀರು. ಬಳ್ಳಾರಿಯ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಡ್ರೇನ್ ಬಿಟ್ಟರೆ ನಡೆದೀತು. ಕಾಪುವಿನ ಜುಲೈಯಲ್ಲಿ ದಿನಕ್ಕೆ ಎರಡು ಸಲ, ಮಧ್ಯಾಹ್ನ ಊಟಕ್ಕೆ ಹೋಗುವಾಗ ಒಮ್ಮೆ, ಸಂಜೆ ಒಮ್ಮೆ. ಸಂಜೆ ಬಿಟ್ಟ ಮೇಲೆ ಡ್ರೇನ್ ತೆರೆದೇ ಇಡಿ.

ಇನ್ನು ಸೆಪರೇಟರ್, ಅಂದರೆ ಗಾಳಿಯಿಂದ ನೀರು ಬೇರೆ ಮಾಡುವ ಫಿಲ್ಟರ್. ಟ್ಯಾಂಕಿಗೆ ಅಂಟಿಸಿ ಹಾಕಿದರೆ ಪ್ರಯೋಜನ ಕಡಿಮೆ, ಯಾಕಂದರೆ ಅಲ್ಲಿ ಗಾಳಿ ಇನ್ನೂ ಬಿಸಿ, ನೀರಿನ್ನೂ ಆವಿಯಲ್ಲೇ ಉಂಟು. ಗಾಳಿ ಮೊದಲು ಕೆಲವು ಮೀಟರ್ ಕಬ್ಬಿಣದ ಇಲ್ಲವೇ ತಾಮ್ರದ ಪೈಪಿನಲ್ಲಿ ಓಡಿ ತಣಿಯಬೇಕು, ಆಮೇಲೆ ಸೆಪರೇಟರ್, ಆಮೇಲೆ ಹೋಸ್. ಸೆಪರೇಟರಿನ ಬಟ್ಟಲು ನೇರ ಕೆಳಮುಖವಾಗಿ ಇರಬೇಕು. ಗೋಡೆ ಪೈಪಿನಿಂದ ಗನ್ನಿನ ಲೈನ್ ತೆಗೆಯುವಾಗ ಪೈಪಿನ ಬೆನ್ನಿನಿಂದ ತೆಗೆಯಿರಿ, ಹೊಟ್ಟೆಯಿಂದ ಬೇಡ. ಒಂದು ಮಾತು ಬಹಳ ಮುಖ್ಯ. ನೀರಿನ ಪಿವಿಸಿ ಪೈಪ್ ಗಾಳಿಗೆ ಹಾಕಲೇಬೇಡಿ. ಒಡೆದರೆ ಚೂರು ಚೂರಾಗಿ ಹಾರ್ತದೆ, ಕಣ್ಣು ಹೋಗ್ತದೆ.

ಸೋಫಾ_ಮಣಿಪಾಲ

ಗಾಳಿಮಿಸ್ತ್ರಿಯವರ ಮಾತು ನೂರಕ್ಕೆ ನೂರು. ನಮ್ಮದು ಸೋಫಾ ಕೆಲಸ, 1013 ಸ್ಟೇಪ್ಲರ್. ಮಳೆಗಾಲದಲ್ಲಿ ನಮಗೆ ಗನ್ನಿಗಿಂತ ದೊಡ್ಡ ತಲೆಬಿಸಿ ಪಿನ್ನು. ಪೆಟ್ಟಿಗೆ ತೆರೆದಿಟ್ಟರೆ ಪಟ್ಟಿಯ ತುದಿಯಲ್ಲಿ ಬಿಳಿ ಹುಡಿ ಹಿಡಿದು, ಅಂಟು ಬಿಟ್ಟು, ತುಂಡು ತುಂಡಾಗಿ ಮ್ಯಾಗಜೀನಿನಲ್ಲಿ ಸಿಕ್ಕಿಕೊಳ್ತದೆ. ಈಗ ಎಲ್ಲಾ ಪಿನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡ್ತೇವೆ. ಜೆಲ್ ಬಿಸಿ ಮಾಡಿ ಒಣಗಿಸಿದರೆ ಪುನಃ ಬಳಸಬಹುದು.

ಎಣ್ಣೆ ಬಗ್ಗೆ ಕೇಳಬೇಕಿತ್ತು. ನಮ್ಮ ಹಳಬರು ತೆಂಗಿನೆಣ್ಣೆ ಎರಡು ಬಿಂದು ಬಿಡ್ತಾರೆ. ಹೊಲಿಗೆ ಮಿಷನ್ನಿನ ಎಣ್ಣೆ ಬಿಡುವವರೂ ಇದ್ದಾರೆ. ಯಾವುದು ಸರಿ?

ಗಾಳಿಮಿಸ್ತ್ರಿ

ತೆಂಗಿನೆಣ್ಣೆ ಬೇಡ. ಅದು ಸುಮಾರು 24 ಡಿಗ್ರಿಗೆ ಗಟ್ಟಿಯಾಗಲು ಶುರು. "ನಮ್ಮಲ್ಲಿ ಅಷ್ಟು ಚಳಿ ಎಲ್ಲಿ" ಅನ್ನಬೇಡಿ. ಒತ್ತಿದ ಗಾಳಿ ಹಿಗ್ಗಿ ಹೊರಗೆ ಹೋಗುವಾಗ ತಣ್ಣಗಾಗ್ತದೆ, ಬೇಗ ಬೇಗ ಹೊಡೆಯುವಾಗ ಎಕ್ಸಾಸ್ಟಿನ ಹತ್ತಿರ ಕೈ ಇಟ್ಟು ನೋಡಿ. ಅದಲ್ಲದೆ ಅಡುಗೆಯ ಯಾವ ಎಣ್ಣೆಯೂ ಗಾಳಿಗೆ ಜಿಗುಟಾಗ್ತದೆ, ಧೂಳು ಹಿಡೀತದೆ. ನ್ಯೂಮ್ಯಾಟಿಕ್ ಟೂಲ್ ಎಣ್ಣೆ ಅಂತಲೇ ಕೇಳಿ, ವಿಜಿ 22 ಇಲ್ಲವೇ 32 ಗ್ರೇಡ್ (ಎಣ್ಣೆ ಎಷ್ಟು ಮಂದ ಎಂಬ ಅಳತೆ), ಡಿಟರ್ಜೆಂಟ್ ಇಲ್ಲದ್ದು. ಬೈಕಿನ ಎಂಜಿನ್ ಆಯಿಲ್ ಬೇಡ. ಹೊಲಿಗೆ ಮಿಷನ್ನಿನದ್ದು ತೆಳುವಾದ ಖನಿಜ ಎಣ್ಣೆ, ಎರಡು ದಿನದ ತುರ್ತಿಗೆ ನಡೀತದೆ. ಡಬ್ಲ್ಯೂಡಿ-40 ಎಣ್ಣೆಯ ಬದಲಿಗೆ ಅಲ್ಲ. ಅದು ಇದ್ದ ಎಣ್ಣೆಯನ್ನು ತೊಳೆದು ತೆಗೀತದೆ.

ಬೆಳಿಗ್ಗೆ ಹೋಸ್ ಹಾಕುವ ಮೊದಲು ಗಾಳಿ ಬಾಯಿಗೆ ನಾಲ್ಕೈದು ಬಿಂದು, ಮಧ್ಯಾಹ್ನ ಇನ್ನೊಮ್ಮೆ. ಅದಕ್ಕಿಂತ ಹೆಚ್ಚು ಬೇಡ, ಎಕ್ಸಾಸ್ಟಿನಿಂದ ಹಾರಿ ಪ್ಲೈಗೆ ಕಲೆಯಾಗ್ತದೆ. ಆಯಿಲ್-ಫ್ರೀ ಅಂತ ಬರೆದ ಗನ್ನಾದರೆ ಒಂದು ಬಿಂದುವೂ ಬೇಡ.

ಕೋಟೇಶ್ವರದವ

ಬಿಂದು ಬಿಡುಕೆ ಹುಡುಗ್ರಿಗೆ ನೆನಪೇ ಇರತ್ತಿಲ್ಲೆ. ಲೈನಿಗೆ ಲೂಬ್ರಿಕೇಟರ್ ಕೂರ್ಸಿದ್ರೆ ಆಯ್ತಲ್ಲ? ಒಂದ್ಸಲ ತುಂಬ್ಸಿ ಇಟ್ರೆ ತನ್ನಷ್ಟಕ್ಕೇ ಎಣ್ಣೆ ಹೋತ್ತ್.

ಪಾಲಿಶ್_ಬ್ರಹ್ಮಾವರ

ಅಣ್ಣ, ಅದೇ ಲೈನಿನಲ್ಲಿ ಪಾಲಿಶ್ ಹೊಡೀತೀರಾ? ಹೊಡೆಯುವುದಾದರೆ ದಯವಿಟ್ಟು ಬೇಡ. ಹೋಸಿನ ಒಳಗೋಡೆಗೆ ಎಣ್ಣೆ ಒಮ್ಮೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಪಿಯು ಕೋಟ್ ಹೊಡೆದಾಗ ಮೀನಿನ ಕಣ್ಣಿನ ಹಾಗೆ ಗುಂಡಿ ಗುಂಡಿ ಬೀಳ್ತದೆ. ಮತ್ತೆ ಉಜ್ಜಿ ತೆಗೆದು ಮೊದಲಿನಿಂದ ಮಾಡಬೇಕು. ಎಷ್ಟೋ ಶೆಡ್ಡಿನಲ್ಲಿ ಗನ್ನಿನವರಿಗೂ ಪಾಲಿಶಿನವರಿಗೂ ಜಗಳ ಇದೇ ಕಾರಣಕ್ಕೆ.

ಲೂಬ್ರಿಕೇಟರ್ ಹಾಕಲೇಬೇಕಾದರೆ ಗನ್ನಿಗೆ ಬೇರೆ ಬಣ್ಣದ ಹೋಸ್, ಪಾಲಿಶಿಗೆ ಬೇರೆ. ನಮ್ಮಲ್ಲಿ ನೀಲಿ ಗನ್ನಿಗೆ, ಕಿತ್ತಳೆ ಪಾಲಿಶಿಗೆ. ಕಿತ್ತಳೆ ಹೋಸಿಗೆ ಗನ್ ಸಿಕ್ಕಿಸಿದ್ದು ಕಂಡರೆ ನಾನು ಕೆಲಸ ನಿಲ್ಲಿಸ್ತೇನೆ. ನೀರು ಬಂದರೂ ಪಾಲಿಶ್ ಹಾಳೇ. ಎನ್‌ಸಿ ಲ್ಯಾಕರ್ ಆದರೆ ಮಳೆ ಹೊತ್ತಿನಲ್ಲಿ ಮೊದಲೇ ಬೆಳ್ಳಗಾಗ್ತದೆ, ಮೇಲಿನಿಂದ ಲೈನಿನ ನೀರು ಸೇರಿದರೆ ಕೇಳುವುದೇ ಬೇಡ.

ಕೋಟೇಶ್ವರದವ

ಪಾಲಿಶಿಗೆ ನಮ್ದ್ ಬೇರೆ ಕಂಪ್ರೆಸರ್. ಆದ್ರೂ ಹೋಸಿನ ಬಣ್ಣದ್ ವಿಚಾರ ಒಪ್ಪಿದೆ. ಲೂಬ್ರಿಕೇಟರ್ ಗನ್ನಿಗೆ ಹತ್ತಿರ ಇದ್ರೆ ಮಾತ್ರ ಎಣ್ಣೆ ಮುಟ್ಟತ್ತ್ ಅಂತ ನಮ್ ಅನುಭವ. ಹೋಸ್ ಉದ್ದ ಆದ್ರೆ ಎಣ್ಣೆ ಹೋಸಿನಲ್ಲೇ ಕೂಕಂತ್.

ಉಳಿಬಾಚಿ_ಕಾಪು

ಹೇಳಿದ ಹಾಗೆ ಪರೀಕ್ಷೆ ಮಾಡಿದೆ. ಸುಮ್ಮನೆ ಇಟ್ಟಾಗ ಎಲ್ಲೂ ಸೋರುವುದಿಲ್ಲ. ಟ್ರಿಗರ್ ಹಿಡಿದಾಗ ಮೇಲಿನಿಂದ ಜೋರು, ಮೂತಿಯಿಂದಲೂ ಸ್ವಲ್ಪ ಉಂಟು. ಟಾರ್ಚ್ ಹಾಕಿ ನೋಡಿದರೆ ಬ್ಲೇಡಿನ ತುದಿ ಮೂತಿಯ ಸೀಳಿನಲ್ಲೇ ಕಾಣ್ತದೆ, ಪೂರ್ತಿ ಮೇಲೆ ಹೋಗಿಲ್ಲ. ಡ್ರೇನ್ ಬಿಟ್ಟಾಗ ಬಂದ ನೀರು ಕೆಂಪು, ಒಂದು ಬಾಟ್ಲಿಗೆ ಹತ್ತಿರ.

ಆಮೇಲೆ ಹೋಸ್ ಕಳಚಿ ಮುಚ್ಚಳ ತೆಗೆದೆ. ಒಳಗೆಲ್ಲ ಬೆಳ್ಳಗೆ, ಬೆಣ್ಣೆ ಕದಡಿದ ಹಾಗೆ ಒಂದು ಪದಾರ್ಥ ಮೆತ್ತಿಕೊಂಡಿದೆ. ಹೆಡ್ ವಾಲ್ವಿನ ದೊಡ್ಡ ರಿಂಗ್ ದುಂಡಗೆ ಉಳಿದಿಲ್ಲ, ಒಂದು ಬದಿ ಚಪ್ಪಟೆ, ಉಗುರಿನಲ್ಲಿ ಗೀರಿದಂಥ ಸೀಳು ಬೇರೆ. ಪಿಸ್ಟನ್ ಹೊರಗೆಳೆದಾಗ ಬಂಪರಿನ ಒಂದು ಚೂರು ಅದರ ಜೊತೆಗೇ ಬಂತು. ಕಪ್ಪು ರಬ್ಬರ್, ಕಡಲೆಕಾಳಿನಷ್ಟು. ಬ್ಲೇಡಿನ ತುದಿಯ ಎರಡು ಮೂಲೆ ಸವೆದು ಉರುಟಾಗಿದೆ. ಈಗ ಏನು ಮಾಡ್ಲಿ?

ಗಾಳಿಮಿಸ್ತ್ರಿ

ಆ ಬಿಳಿ ಪದಾರ್ಥ ಎಣ್ಣೆಯೂ ನೀರೂ ಕಲಸಿದ್ದು. ಅದು ಕಂಡರೆ ನೀರು ಗನ್ನಿನವರೆಗೆ ಬಂದಿದೆ ಅಂತ ಸಾಕ್ಷಿ. ಗನ್ನಿನ ಆಯುಷ್ಯ ಏನೂ ಮುಗಿದಿಲ್ಲ. ಸಿಲಿಂಡರಿನ ಒಳಗೆ ಬೆರಳಾಡಿಸಿ, ಗೀರು ತಾಗದಿದ್ದರೆ ಬಾಡಿ ಚೆನ್ನಾಗಿದೆ ಅಂತ ಅರ್ಥ.

ಒಳಗಿನದ್ದೆಲ್ಲ ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಥಿನ್ನರ್, ಪೆಟ್ರೋಲ್ ರಬ್ಬರಿಗೆ ಮುಟ್ಟಿಸಬೇಡಿ. ಗನ್ನಿಗೆ ಓ-ರಿಂಗ್ ಕಿಟ್ ಸಿಕ್ಕಿದರೆ ಅದೇ ಸರಿ. ಸಿಗದಿದ್ದರೆ ರಿಂಗಿನ ಒಳಗಿನ ವ್ಯಾಸ ಮತ್ತು ದಪ್ಪ ಎರಡನ್ನೂ ವರ್ನಿಯರಿನಲ್ಲಿ ಅಳೆಯಿರಿ. ಚಪ್ಪಟೆಯಾದ ರಿಂಗಿಗಿಂತ ಅದು ಕೂರುವ ತೋಡು ಅಳೆದರೆ ಲೆಕ್ಕ ಸರಿ ಸಿಗ್ತದೆ. ದಪ್ಪ ಸ್ವಲ್ಪ ಜಾಸ್ತಿಯಾದರೂ ಪಿಸ್ಟನ್ ಬಿಗಿದುಕೊಂಡು ವಾಪಸ್ ಬರುವುದಿಲ್ಲ.

ಇನ್ನು ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿ ಬೀಳುವ ವಿಷಯ. ನೀರಿನ ಪೈಪಿನ ಅಂಗಡಿಯಲ್ಲಿ ಅದೇ ಸೈಜಿನ ಕಪ್ಪು ರಿಂಗ್ ಸಿಗ್ತದೆ. ಅದರಲ್ಲಿ ಎಷ್ಟೋ ಇಪಿಡಿಎಂ ರಬ್ಬರ್. ನೀರಿಗೆ ಅದು ಒಳ್ಳೆಯದು, ಖನಿಜ ಎಣ್ಣೆ ಮುಟ್ಟಿದರೆ ಊದಿಕೊಳ್ತದೆ. ಹಾಕಿದ ದಿನ ಗನ್ ಹೊಸದರ ಹಾಗೆ ಹೊಡೀತದೆ, ಆಮೇಲೆ ಪಿಸ್ಟನ್ ಕಚ್ಚಿಕೊಳ್ತದೆ. ನಿಮಗೆ ಬೇಕಾದ್ದು ನೈಟ್ರೈಲ್, ಎನ್‌ಬಿಆರ್ ಅಂತ ಕೇಳಿ. ನೋಡ್ಲಿಕ್ಕೆ ಎರಡೂ ಒಂದೇ, ಹಾಗಾಗಿ ಬೇರಿಂಗ್, ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಯಲ್ಲಿ ಕೇಳುವುದು ಲೇಸು.

ಬಂಪರ್ ಹೊಸತೇ ಹಾಕಬೇಕು. ಟಯರಿನ ರಬ್ಬರ್ ಕತ್ತರಿಸಿ ಹಾಕುವವರಿದ್ದಾರೆ, ಎತ್ತರ ಬದಲಾದರೆ ಬ್ಲೇಡ್ ಎಷ್ಟು ಕೆಳಗೆ ಬರ್ತದೆ ಎಂಬ ಲೆಕ್ಕವೇ ತಪ್ಪಿತು. ಬ್ಲೇಡಿನ ಮೂಲೆ ಸವೆದದ್ದು ಸ್ವಲ್ಪವಾದರೆ ಎಣ್ಣೆಕಲ್ಲಿನಲ್ಲಿ ಚೌಕ ಮಾಡಿ. ಗ್ರೈಂಡರಿಗೆ ಕೊಟ್ಟರೆ ಕಾದು ನೀಲಿಯಾಗ್ತದೆ, ಹದ ಹೋಗ್ತದೆ. ಒಂದು ಮಿಲಿಮೀಟರಿನಷ್ಟು ಉಜ್ಜಬೇಕಾದರೆ ಹೊಸ ಬ್ಲೇಡೇ ಹಾಕಿ. ಉಜ್ಜಿದಷ್ಟೂ ಪಿನ್ನು ಮೇಲೆ ನಿಲ್ತದೆ.

ಜೋಡಿಸುವಾಗ ರಿಂಗಿಗೆಲ್ಲ ತೆಳುವಾಗಿ ಓ-ರಿಂಗ್ ಗ್ರೀಸ್. ಮುಚ್ಚಳದ ಬೋಲ್ಟ್ ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಅಲ್ಯುಮಿನಿಯಂ ಥ್ರೆಡ್ ಬೇಗ ಕಿತ್ತು ಹೋಗ್ತದೆ. ಅದುರುವಿಕೆಗೆ ಸಡಿಲ ಆಗುವುದಾದರೆ ನೀಲಿ ಲಾಕ್‌ಟೈಟ್ ಒಂದು ಬಿಂದು. ಕೆಂಪು ಬೇಡ, ಮುಂದಿನ ಸಲ ಬಿಚ್ಚಲಿಕ್ಕಿಲ್ಲ.

ಕದ್ರಿಯ_ಮರಪ್ರೇಮಿ

ನಾನು ಮನೆಯಲ್ಲಿ ಹವ್ಯಾಸಕ್ಕೆ ಫೋಟೋ ಫ್ರೇಮು, ಸಣ್ಣ ಶೆಲ್ಫು ಮಾಡುವವಳು. ಎಫ್30 ಗನ್, 25 ಲೀಟರ್ ಟ್ಯಾಂಕಿನ ಸಣ್ಣ ಕಂಪ್ರೆಸರ್. ನನ್ನ ಗನ್ನಿನ ಮೂತಿಯಲ್ಲಿ ಸೇಫ್ಟಿಯೇ ಇಲ್ಲ, ಟ್ರಿಗರ್ ಒತ್ತಿದರೆ ಗಾಳಿಗೂ ಹೊಡೀತದೆ. ಹಾಗೇ ಬರುವುದಾ? ಮನೆಯಲ್ಲಿ ಮಕ್ಕಳಿದ್ದಾರೆ, ಹಾಗಾಗಿ ಕೇಳಿದ್ದು.

ಗಾಳಿಮಿಸ್ತ್ರಿ

ಅಕ್ಕ, ಕಡಿಮೆ ರೇಟಿನ ಎಫ್30 ಗನ್ ಎಷ್ಟೋ ಹಾಗೇ ಬರ್ತವೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಬದಲಿಸಿ ಅಂತಲೇ ಹೇಳ್ತೇನೆ. ಮೂತಿ ಒತ್ತಿದ ಮೇಲೆಯೇ ಟ್ರಿಗರ್ ಕೆಲಸ ಮಾಡುವ, ಒಂದು ಒತ್ತಿಗೆ ಒಂದೇ ಪಿನ್ ಬಿಡುವ ಗನ್ ತಗೊಳ್ಳಿ. ಅಲ್ಲಿಯವರೆಗೆ ಕೈಯಿಂದ ಇಳಿಸುವಾಗಲೆಲ್ಲ ಹೋಸ್ ಕಳಚಿ.

ಕಪ್ಲರ್ ಒಮ್ಮೆ ನೋಡಿ. ಗನ್ನಿನ ಬದಿಯಲ್ಲಿ ಇರಬೇಕಾದ್ದು ತೆರೆದ ಗಂಡು ಪ್ಲಗ್. ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಹೆಣ್ಣು ಕಪ್ಲರ್ ಹೋಸಿನ ಬದಿಯಲ್ಲಿ. ಉಲ್ಟಾ ಹಾಕಿದರೆ ಹೋಸ್ ಕಳಚಿದ ಮೇಲೂ ಗನ್ನಿನೊಳಗೆ ಗಾಳಿ ಉಳೀತದೆ, ಮೇಜಿನ ಮೇಲಿಟ್ಟ ಗನ್ ಇನ್ನೊಂದು ಪಿನ್ ಹೊಡೀಬಲ್ಲದು. ಸೈಟುಗಳಲ್ಲಿ ಇದನ್ನು ಉಲ್ಟಾ ಹಾಕಿದ್ದು ಕಂಡಾಗೆಲ್ಲ ನಾನು ಕೈಯಾರೆ ಬದಲಿಸಿ ಬರ್ತೇನೆ.

ಇನ್ನೊಂದು, ಹಲಗೆ ಹಿಡಿಯುವ ಕೈ. ಪಿನ್ನು ಮರದ ನಾರಿನ ದಾರಿ ಹಿಡಿದು ಬಗ್ಗಿ ಬದಿಯಿಂದ ಹೊರಗೆ ಬರ್ತದೆ. ಪಿನ್ನಿನ ಉದ್ದ ಎಷ್ಟೋ ಅದಕ್ಕಿಂತ ದೂರ ಬೆರಳಿರಲಿ. ಫ್ರೇಮಿನ ಮೂಲೆಗೆ ಹೊಡೆಯುವಾಗ ಕೈಯಲ್ಲಿ ಹಿಡಿಯುವುದೇ ಬೇಡ, ಕ್ಲಾಂಪ್ ಹಾಕಿ. ಕನ್ನಡಕ ತಪ್ಪಿಸಬೇಡಿ.

ಪ್ಯಾಲೆಟ್_ಪಣಂಬೂರು

ಸೇಫ್ಟಿ ವಿಷಯ ಬಂದದ್ದಕ್ಕೆ ನಾನೂ ಹೇಳ್ತೇನೆ. ನಮ್ಮದು ಬಂದರಿಗೆ ಹೋಗುವ ಪ್ಯಾಲೆಟ್, ಪೆಟ್ಟಿಗೆ ಕೆಲಸ. ಕಾಯಿಲ್ ನೇಲರಿನಲ್ಲಿ (ಸುರುಳಿ ಸುತ್ತಿದ ಮೊಳೆಯ ದೊಡ್ಡ ಗನ್) ಬೇಗ ಆಗಲಿ ಅಂತ ಹುಡುಗರು ಮೂತಿಯ ಸೇಫ್ಟಿಯನ್ನು ಬೈಂಡಿಂಗ್ ವಯರಿನಲ್ಲಿ ಕಟ್ಟಿ ಇಡ್ತಾರೆ. ಆ ವಯರ್ ಕಂಡ ಕೂಡಲೇ ಕತ್ತರಿಸಬೇಕು. 55 ಎಂಎಂ ಮೊಳೆ ತೊಡೆಗೆ ಹೋದದ್ದನ್ನು ನೋಡಿದವನು ಮತ್ತೆ ಅದನ್ನು ಕಟ್ಟುವುದಿಲ್ಲ.

ನನ್ನ ಪ್ರಶ್ನೆ ಬೇರೆ. ರಬ್ಬರ್ ಮರಕ್ಕೆ ಚೆನ್ನಾಗಿ ಹೋಗುವ ಗನ್ ಅಕೇಶಿಯಾ ರೀಪಿಗೆ ಬಂದಾಗ ಮೊಳೆ ಬಗ್ಗಿಸ್ತದೆ, ತಲೆ ಮೇಲೆ ನಿಲ್ತದೆ. ಕಂಪ್ರೆಸರ್ ಹತ್ತಿರದ ಟೇಬಲಿನಲ್ಲಿ ಸರಿ, ಶೆಡ್ಡಿನ ಆಚೆ ತುದಿಯ ಟೇಬಲಿನಲ್ಲಿ ಮಾತ್ರ ಹೀಗೆ. ಗನ್ ಅದಲು ಬದಲು ಮಾಡಿ ನೋಡಿದ್ದೇವೆ, ಆಚೆ ಟೇಬಲಿಗೆ ಯಾವ ಗನ್ ಹೋದರೂ ಅಷ್ಟೆ.

ಗಾಳಿಮಿಸ್ತ್ರಿ

ಗನ್ ಅದಲು ಬದಲು ಮಾಡಿದ್ದೇ ಸರಿಯಾದ ಪರೀಕ್ಷೆ, ಉತ್ತರ ನಿಮ್ಮ ಮಾತಿನಲ್ಲೇ ಉಂಟು. ಆಚೆ ಟೇಬಲಿಗೆ ಎಷ್ಟು ಉದ್ದದ, ಎಷ್ಟು ದಪ್ಪದ ಹೋಸ್?

ಪ್ಯಾಲೆಟ್_ಪಣಂಬೂರು

ಸುಮಾರು 30 ಮೀಟರ್, 8 ಎಂಎಂ ಪಿಯು ಹೋಸ್. ಗೇಜಿನಲ್ಲಿ 7 ಕೆಜಿ ತೋರಿಸ್ತದೆ.

ಗಾಳಿಮಿಸ್ತ್ರಿ

8 ಎಂಎಂ ಹೊರಗಿನ ಅಳತೆ. ಅದರ ಒಳಗಿನ ತೂತು ಐದೇ ಎಂಎಂ. ಎಫ್30ಗೆ ಅದು ಧಾರಾಳ, ಕಾಯಿಲ್ ನೇಲರಿಗೆ 30 ಮೀಟರ್ ಸಾಲುವುದಿಲ್ಲ. ಗೇಜ್ ತೋರಿಸುವುದು ಗಾಳಿ ನಿಂತಾಗಿನ ಒತ್ತಡ. ಹೊಡೆಯುವ ಕ್ಷಣದಲ್ಲಿ ಗನ್ನಿನ ಬಾಯಿಯಲ್ಲಿ ಎಷ್ಟು ಉಳೀತದೆ ಅಂತ ಗೋಡೆಯ ಗೇಜಿಗೆ ಗೊತ್ತಿಲ್ಲ. ಆಚೆ ಟೇಬಲಿನ ಹತ್ತಿರದವರೆಗೆ ದಪ್ಪ ಪೈಪ್ ಹಾಕಿ, ಅಲ್ಲಿಂದ ಸಣ್ಣ ಹೋಸ್ ಕೊಡಿ. ಅಲ್ಲೇ ಒಂದು ಸಣ್ಣ ಟ್ಯಾಂಕ್ ಇಟ್ಟರೆ ಇನ್ನೂ ಒಳ್ಳೆಯದು. ಸಣ್ಣ ತೂತಿನ ಕಪ್ಲರ್ ಇದ್ದರೆ ಅದನ್ನೂ ಬದಲಿಸಿ.

ಒತ್ತಡ ಏರಿಸಿ ಸರಿ ಮಾಡ್ಲಿಕ್ಕೆ ಹೋಗಬೇಡಿ. ಗನ್ನಿನ ಮೈಮೇಲೆ ಹೆಚ್ಚೆಂದರೆ ಎಷ್ಟು ಅಂತ ಬರೆದಿರ್ತದೆ, ಅದನ್ನು ದಾಟಿದರೆ ಹತ್ತಿರದ ಟೇಬಲಿನ ಬಂಪರ್ ಮೊದಲು ಒಡೀತದೆ. ಎರಡು ಕಡೆ ಎರಡು ರೆಗ್ಯುಲೇಟರ್ ಇಡಿ, ಮರಕ್ಕೆ ತಕ್ಕ ಹಾಗೆ.

ಕೋಟೇಶ್ವರದವ

ಅಕೇಶಿಯಾ ಹಸಿ ಇಪ್ಪತ್ತಿಗೆ ಹೊಡೂದ್ ಸುಲಭ, ಒಣಗಿದ ಮೇಲೆ ಕಲ್ಲ್. ಒಣ ರೀಪಿನ ಗಂಟಿನ್ ಮೇಲೆ ಬಿದ್ರೆ ಎಷ್ಟ್ ಗಾಳಿ ಕೊಟ್ರೂ ಮೊಳೆ ಬಗ್ಗತ್ತ್. ಗಂಟ್ ಬಿಟ್ಟ್ ಹೊಡೀಕ್, ಬೇರೆ ದಾರಿ ಇಲ್ಲ. ಕಿರಾಲ್‌ಬೋಗಿ, ಹಳೇ ಹಲಸು ಇಂಥ ಗಟ್ಟಿ ಮರಕ್ಕೆ ನಾವ್ ಈಗ್ಲೂ ಡ್ರಿಲ್ ಮಾಡಿ ಸ್ಕ್ರೂ ಹಾಕೂದು.

ಪ್ಯಾಲೆಟ್_ಪಣಂಬೂರು

ನಮಗೆ ಹಸಿ ಮರ ನಡೆಯುವುದಿಲ್ಲ. ರಫ್ತಿನ ಪ್ಯಾಲೆಟ್ ಐಎಸ್‌ಪಿಎಂ 15 (ಮರದ ಪ್ಯಾಕಿಂಗಿನಿಂದ ಕೀಟ ಹರಡದ ಹಾಗೆ ಮಾಡಿದ ಅಂತರರಾಷ್ಟ್ರೀಯ) ನಿಯಮದ ಪ್ರಕಾರ ಕಾಯಿಸಿದ್ದಿರಬೇಕು, ಮರದ ನಡುತಿರುಳು 56 ಡಿಗ್ರಿಯಲ್ಲಿ 30 ನಿಮಿಷ. ಪೈಪಿನ ಸಲಹೆ ಈ ವಾರವೇ ಮಾಡ್ತೇನೆ. ಥ್ಯಾಂಕ್ಸ್.

ಸೋಫಾ_ಮಣಿಪಾಲ

ಒಂದು ಸಣ್ಣ ವಿಷಯ ಸೇರಿಸ್ತೇನೆ. ಸಿಕ್ಕಿಕೊಂಡ ಪಿನ್ನಿನಲ್ಲಿ ಅರ್ಧಕ್ಕರ್ಧ ಮೂತಿಯ ಸೀಳಿನಲ್ಲಿ ಫೆವಿಕಾಲ್ ಒಣಗಿ ಕೂತದ್ದು. ಅಂಟು ಹಚ್ಚಿದ ಜಾಗಕ್ಕೇ ಮೂತಿ ಒತ್ತಿ ಹೊಡೀತೇವಲ್ಲ. ಹೋಸ್ ಕಳಚಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸ್ವಲ್ಪ ಹೊತ್ತು ಇಟ್ಟು, ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ತಿಕ್ಕಿದರೆ ಬರ್ತದೆ. ಸ್ಕ್ರೂಡ್ರೈವರ್ ಹಾಕಿ ಕೆರೆದರೆ ಸೀಳು ಅಗಲವಾಗಿ ಮುಂದೆ ಎರಡೆರಡು ಪಿನ್ನು ಒಟ್ಟಿಗೆ ಬರ್ಲಿಕ್ಕೆ ಶುರು. ಒರೆಸಿದ ಮೇಲೆ ಒಣಗಿಸಿ ಎಣ್ಣೆ ಕೈ ಆಡಿಸಿ.

ಉಳಿಬಾಚಿ_ಕಾಪು

ನೈಟ್ರೈಲ್ ರಿಂಗ್, ಬಂಪರ್, ಬ್ಲೇಡ್ ಮೂರೂ ಹಾಕಿ ಜೋಡಿಸಿದೆ. ಗೋಡೆಯುದ್ದಕ್ಕೆ ಕಬ್ಬಿಣದ ಪೈಪ್ ಎಳೆದು ಕೊನೆಗೆ ಸೆಪರೇಟರ್ ಕೂರಿಸಿದೆ. ಬೀಡಿಂಗಿಗೆ ಈಗ 5 ಕೆಜಿ ಸಾಕಾಗ್ತದೆ, ಸಂಜೆವರೆಗೂ ಒಂದೇ ಸಮ. ಸೆಪರೇಟರಿನ ಬಟ್ಟಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಕಾಲು ಭಾಗ ನೀರು ಕಾಣ್ತದೆ. ಇಷ್ಟೆಲ್ಲ ಗನ್ನಿನೊಳಗೆ ಹೋಗ್ತಿತ್ತು ಅಂತ ನೆನೆದರೆ ಹೊಟ್ಟೆ ಉರೀತದೆ. ಗಾಳಿಮಿಸ್ತ್ರಿಯವರೇ, ನಿಮಗೆ ದೊಡ್ಡ ನಮಸ್ಕಾರ.

ಕೊನೆಯದಾಗಿ ಒಂದು. ಟ್ಯಾಂಕಿನ ನೀರು ಕೆಂಪು ಬರ್ತದೆ ಅಂದೆನಲ್ಲ. ಟ್ಯಾಂಕ್ ಹಳೇದು. ಅಡಿಯಲ್ಲಿ ಒಂದು ಕಡೆ ಹೊರಗಿನಿಂದಲೇ ಪೇಂಟ್ ಉಬ್ಬಿದೆ, ಬೆರಳಿಟ್ಟರೆ ಒದ್ದೆ. ವೆಲ್ಡಿಂಗಿನವರು ಪ್ಯಾಚ್ ಹಾಕಿ ಕೊಡ್ತೇನೆ ಅಂತಾರೆ.

ಗಾಳಿಮಿಸ್ತ್ರಿ

ಪ್ಯಾಚ್ ಬೇಡ, ಮಾರಾಯ್ರೆ. ದಯವಿಟ್ಟು ಇವತ್ತೇ ಕಂಪ್ರೆಸರ್ ನಿಲ್ಲಿಸಿ, ಗಾಳಿ ಪೂರ್ತಿ ಬಿಟ್ಟು ಇಡಿ. ಕೆಂಪು ನೀರು ಎಲ್ಲಾ ಕಬ್ಬಿಣದ ಟ್ಯಾಂಕಿನಲ್ಲೂ ಸ್ವಲ್ಪ ಬರ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಹೊರಗೆ ಉಬ್ಬಿ ಒದ್ದೆಯಾದದ್ದು ಅಂದರೆ ತಗಡು ಒಳಗಿನಿಂದ ತಿಂದು ತೂತಾಗಿದೆ. ತೂತಿನ ಸುತ್ತಲಿನ ತಗಡೂ ತೆಳುವೇ, ಅದರ ಮೇಲೆ ವೆಲ್ಡಿಂಗ್ ನಿಲ್ಲುವುದಿಲ್ಲ. 7 ಕೆಜಿ ಒತ್ತಡ ಅಂದರೆ ಒಂದೊಂದು ಚದರ ಸೆಂಟಿಮೀಟರಿಗೂ 7 ಕೆಜಿಯ ಭಾರ. ಆ ಟ್ಯಾಂಕ್ ಸೀಳಿದರೆ ಶೆಡ್ಡಿನಲ್ಲಿ ನಿಂತವರಿಗೆ ಓಡ್ಲಿಕ್ಕೆ ಸಮಯ ಇರುವುದಿಲ್ಲ.

ಪಂಪ್, ಮೋಟಾರ್ ಚೆನ್ನಾಗಿದ್ದರೆ ಅವನ್ನೇ ಇಟ್ಟುಕೊಂಡು ಟ್ಯಾಂಕ್ ಮಾತ್ರ ಹೊಸತು ಹಾಕಬಹುದು. ತಗೊಳ್ಳುವಾಗ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷೆ) ಆದ ಪ್ಲೇಟ್ ಉಂಟಾ ನೋಡಿ. ಸೇಫ್ಟಿ ವಾಲ್ವ್ ಹಳೇದನ್ನು ಹಾಕಬೇಡಿ, ಉಪ್ಪು ಗಾಳಿಗೆ ಅದರ ಸ್ಪ್ರಿಂಗ್ ಹಿಡಿದುಕೊಂಡಿರ್ತದೆ. ಹೊಸದರ ರಿಂಗನ್ನು ಆಗಾಗ ಎಳೆದು ಗಾಳಿ ಹೋಗ್ತದಾ ನೋಡಿಕೊಳ್ಳಿ. ಡ್ರೇನ್ ಸ್ಕ್ರೂ ಬದಲಿಗೆ ಕಾಲು ಸುತ್ತಿಗೆ ತೆರೆಯುವ ಬಾಲ್ ವಾಲ್ವ್ ಹಾಕಿಸಿ, ಬಗ್ಗದೆ ಕೈಗೆ ಸಿಗುವ ಹಾಗೆ ಬದಿಗೆ ಒಂದು ಸಣ್ಣ ಪೈಪ್ ಕೊಟ್ಟು. ಸುಲಭದಲ್ಲಿ ಕೈಗೆ ಸಿಕ್ಕಿದರೆ ಹುಡುಗರೂ ದಿನಾ ಬಿಡ್ತಾರೆ.